ಮೊದಲ ಹಾಲು ಕುಡಿದವನು

ಇವತ್ತು ಮುಂಜಾನೆ ಮೇಲಿನ ಮನೆಯ ಶಾಂತಾಬಾಯಿಯವರು ಬಾಗಿಲು ತಟ್ಟಿ, ಬಿಸಿ ಗಿಣ್ಣದ ಬಟ್ಟಲನ್ನು ನನ್ನ ಕೈಗಿಟ್ಟರು. "ಹಾಲಿನವ ಗಿಣ್ಣದ ಹಾಲು ಕೊಟ್ಟಾನ್ರಿ. ಆರೂದ್ರೊಳಗ ತಿನ್ರಿ" ಎಂದು ಹೇಳಿ ಹೋದರು. ಬೆಲ್ಲ, ಏಲಕ್ಕಿ, ಈದ ಆಕಳಿನ ಗಟ್ಟಿ ಹಾಲು! ಹೇಳುತ್ತಿದ್ದಂತೆಯೇ ನಿಮ್ಮ ಬಾಯಲ್ಲಿ ನೀರೂರಿರಬೇಕು. ನಾನು ಮಾತ್ರ ಅದನ್ನು ಬಾಯಿಗಿಡದೆ ಬಾಗಿಲಲ್ಲೇ ನಿಂತೆ.

ಬಿಜ್ಜರಗಿಯಲ್ಲಿ ನಮ್ಮ ಅಕ್ಕನ ಆಕಳು ಇವತ್ತೋ ನಾಳೆಯೋ ಈಯಬೇಕು. ನಾಲ್ಕು ದಿನದಿಂದ ನಾನು ಮೊಬೈಲು ಕೆಳಗಿಟ್ಟಿಲ್ಲ. ನಾನು ಕೆಲಸಕ್ಕಿರುವ ವಿಜಯಪುರದ ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಜಂಪರಿನ ಬಟ್ಟೆ ಕೇಳಿದರೆ ಧೋತರ ತೆಗೆದು ತೋರಿಸಿದ್ದೇನೆ. "ಹಡಿಯೂದು ಆಕಳೋ ನೀವೋ?" ಎಂದು ಹೆಂಡತಿ ನಗುತ್ತಾಳೆ. ನಗಲಿ ಬಿಡಿ, ಹೋದ ಸಲದ ಕಥೆ ಅವಳಿಗೆ ಪೂರ್ತಿ ಹೇಳಿಲ್ಲ.

ಅಕ್ಕನ ಹತ್ತಿರ ಇರುವುದು ಒಂದೇ ಆಕಳು. ಕಪ್ಪು ಬಿಳುಪಿನದಾದರೂ ಅದನ್ನು ಜರ್ಸಿ ಎನ್ನುತ್ತಾರೆ. ಆ ಊರಲ್ಲಿ ಜವಾರಿ ಅಲ್ಲದ್ದೆಲ್ಲ ಜರ್ಸಿಯೇ. ಅದರ ಹೊಟ್ಟೆಯಲ್ಲಿ ಒಂದು ಹೆಣ್ಣುಕರು ಹುಟ್ಟಬೇಕು, ಬೆಳೆದು ಎರಡನೇ ಆಕಳಾಗಬೇಕು, ಇದು ಅಕ್ಕನ ಆಸೆ. "ಎರಡು ಕರಿಯೂವಂಗಾದ್ರ ಮಂದಿ ದ್ರಾಕ್ಷಿ ಪಡಕ್ಕ ಕೂಲಿಗೆ ಹೋಗೂದು ಬಿಡ್ತೇನಿ ತಮ್ಮಾ. ದಿನಪೂರ್ತಿ ಕೈ ಮ್ಯಾಲೆತ್ತಿ ಎತ್ತಿ ರಟ್ಟಿ ಸತ್ತಾವ" ಎನ್ನುತ್ತಿದ್ದಳು. ಹಾಲು ಹೆಚ್ಚಿಸುವ ಉಪದೇಶ ಮಾಡಲು ನಾನಿದ್ದೆನಲ್ಲ! ಜೋಳದ ಕಣಿಕೆಯನ್ನು ಕತ್ತರಿಸಿ ಹಾಕು, ನೀರು ಯಾವಾಗಲೂ ಎದುರಿಗಿರಲಿ ಎಂದು ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಫೋನಿನಲ್ಲಿ ಒದರುತ್ತಿದ್ದೆ. ಸಗಣಿ ಬಳಿಯುವವಳು ಅವಳು, ಶಾಣ್ಯಾತನ ನನ್ನದು. ಪಾಪ, ಅವಳು ಹೇಳಿದ್ದನ್ನೆಲ್ಲ ಮಾಡಿದಳು, ಹಾಲೂ ಏರಿತು.

ಹೋದ ಸಲ ಆಕಳು ಈಯುವ ದಿನ ನಾನು ಅಲ್ಲಿಯೇ ಇದ್ದೆ. ಸುಳ್ಳೇಕೆ, ಹೋಗಿದ್ದೇ ಗಿಣ್ಣದ ಆಸೆಗೆ, ಒಂದು ದೊಡ್ಡ ಸ್ಟೀಲಿನ ಡಬ್ಬಿ ಹಿಡಿದುಕೊಂಡು. ಮುಂಜಾನೆ ಹತ್ತರ ಹೊತ್ತಿಗೆ ಹೆಣ್ಣುಕರು ಹುಟ್ಟಿತು. ಅಕ್ಕ ಕಣ್ಣೀರು ಹಾಕುತ್ತಲೇ ನಕ್ಕಳು. ಕರು ಎದ್ದು, ಬಿದ್ದು, ಮತ್ತೆ ಎದ್ದು ಕೆಚ್ಚಲು ಹುಡುಕತೊಡಗಿತು. ಅಕ್ಕ ಅದನ್ನು ಎಳೆದು ದೂರ ಕಟ್ಟಿದಳು.

"ಮಾಸ ಬೀಳೂತನಕ ಕರಾ ಬಾಯಿ ಹಚ್ಚಬಾರದು."

ಕರುವಿನ ಹಿಂದೆ ಬೀಳುವ ಮಾಸು ಬಿದ್ದದ್ದು ಮಧ್ಯಾಹ್ನ ಇಳಿದ ಮೇಲೆ. ಅಷ್ಟೊತ್ತಿಗೆ ಕರು ಕೂಗಿ ಕೂಗಿ ಸುಸ್ತಾಗಿ ಮಲಗಿತ್ತು. ಗಿಣ್ಣದ ಹಾಲು ಎಳೆಗರುವಿಗೆ ಭಾರ, ಹೊಟ್ಟೆ ಕೆಡುತ್ತದೆ ಎಂಬ ಮಾತೂ ಇತ್ತು. ಹೀಗಾಗಿ ಮೊದಲು ಹಿಂಡಿದ್ದು ನನ್ನ ಡಬ್ಬಿಗೆ, ಆಮೇಲೆ ಓಣಿಯ ನಾಲ್ಕು ಮನೆಗೆ, ಉಳಿದದ್ದು ಕರುವಿಗೆ. ನಾನು ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಿಜಯಪುರಕ್ಕೆ ಬಂದೆ. ಮನೆಯಲ್ಲಿ ಬೆರಳು ನೆಕ್ಕಿ ನೆಕ್ಕಿ ತಿಂದೆ.

ನಾಲ್ಕನೇ ದಿನ ಫೋನು ಬಂತು, ಓಡಿದೆ. ಕರು ಭೇದಿಯಾಗಿ ಕಣ್ಣು ಗುಳಿಬಿದ್ದು ಮಲಗಿತ್ತು. ಟಿಕೋಟಾದಿಂದ ಬಂದಿದ್ದ ದನದ ಡಾಕ್ಟರು ಅದರ ಬಾಯಿ ಮುಟ್ಟಿ ನೋಡಿ ಕೇಳಿದರು: "ಮೊದಲನೇ ಹಾಲು ಯಾರು ಕುಡದ್ರಿ?"

ಅಕ್ಕ ನನ್ನ ಕಡೆ ಕೈ ಮಾಡಿದಳು. "ಇಂವಾರಿ, ನಮ್ಮ ತಮ್ಮ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೆ. ಡಾಕ್ಟರು ನಗಲಿಲ್ಲ. "ಹುಟ್ಟಿದ ಒಂದು ತಾಸಿನೊಳಗ ಅದು ಕರುವಿನ ಹೊಟ್ಟಿಗೆ ಹೋಗಬೇಕ್ರಿ. ರೋಗ ತಡಿಯೂ ಶಕ್ತಿ ಅದರಾಗ ಇರತೈತಿ. ಮಾಸಕ್ಕ ಕಾಯಬ್ಯಾಡ್ರಿ" ಎಂದರು. ಹೊತ್ತು ಮುಳುಗುವ ಮುಂಚೆ ಕರು ಸತ್ತಿತು. ಆಕಳು ಮೂರು ದಿನ ಒದರಿತು, ಕೆಚ್ಚಲಿಗೆ ಹಾಲು ಇಳಿಸಲಿಲ್ಲ. ಅಕ್ಕ ಮತ್ತೆ ದ್ರಾಕ್ಷಿ ತೋಟದ ಕೂಲಿಗೆ ಹೊರಟಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಈ ಸಲ ಕರು ಎದ್ದ ಕೂಡಲೇ ಹಾಲಿಗೆ ಬಿಡು ಎಂದು ಅವಳಿಗೆ ಹತ್ತು ಸಲ ಹೇಳಿದ್ದೇನೆ. ಅವಳೂ ಹೂಂ ಎಂದಿದ್ದಾಳೆ. ಆದರೆ ಬಾಜೂ ಮನೆಯ ಮುದುಕಿ ಗಂಗವ್ವ ಆಯಿ ದಿನಾ ಅನ್ನುವುದು ಬೇರೆ: "ಮಾಸ ಬೀಳೂಕಿಂತ ಮೊದಲ ಕರಾ ಬಿಟ್ರ ಆಕಳಾನೂ ಕಳಕೊಳ್ತಿ." ಇರುವುದೊಂದು ಆಕಳು. ಅದಕ್ಕೇನಾದರೂ ಆದರೆ ಹೋಗುವುದು ಅಕ್ಕನದು, ನನ್ನದೇನು ಹೋಗುತ್ತದೆ ಹೇಳಿ?

ಬಟ್ಟಲು ಹಿಡಿದು ನಿಂತಿದ್ದಂತೆಯೇ ಫೋನು ಹೊಡೆದುಕೊಂಡಿತು.

"ತಮ್ಮಾ, ಈದೈತಿ. ಹೆಣ್ಣಕರಾ."

"ಮಾಸ ಬಿತ್ತೇನು?"

"ಇಲ್ಲೋ."

ಹಿಂದೆ ಗಂಗವ್ವ ಆಯಿಯ ಬೈಗಳು, ಕರುವಿನ ಸಣ್ಣ ಕೂಗು.

"ಅಂಜಿಕಿ ಬರಾಕತ್ತೈತಿ ತಮ್ಮಾ" ಎಂದಳು ಅಕ್ಕ.

ಬಾಯಿತನಕ ಬಂದ ಉಪದೇಶವನ್ನು ನುಂಗಿಕೊಂಡೆ. "ನನಗೂ ಬರಾಕತ್ತೈತಿ ಬೇ" ಎಂದೆ. "ಖರೇನ, ಭಾಳ ಅಂಜಿಕಿ ಬರಾಕತ್ತೈತಿ."

ಅವಳು "ತಡಿ" ಎಂದು ಫೋನು ಎಲ್ಲೋ ಇಟ್ಟಳು. ಹಗ್ಗ ಎಳೆದ ಸದ್ದು, ಆಯಿಯ "ಅಯ್ಯ ಶಿವನೇ" ಎಂಬ ಉದ್ಗಾರ. ಆಮೇಲೆ ಏನೂ ಕೇಳಿಸಲಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆಮೇಲೆ ಚಪ್ ಚಪ್, ಚಪ್ ಚಪ್.

"ಕೇಳಸಾಕತ್ತೈತೇನೋ?" ಅಕ್ಕ ಫೋನನ್ನು ಕರುವಿನ ಬಾಯಿಯ ಹತ್ತಿರ ಹಿಡಿದಿದ್ದಳು. "ನಿನ್ನ ಪಾಲು ಕುಡ್ಯಾಕತ್ತೈತಿ ನೋಡು."

"ಕುಡೀಲಿ ಬೇ" ಎಂದೆ. "ಎಲ್ಲಾ ಕುಡೀಲಿ."