ನೆಲ ಜಾರಿದ ಸಂಜೆ

ಆಂಡ್ರೊಮಿಡಾ ಗೆಲಾಕ್ಸಿಯ ಸುರುಳಿಯನ್ನು ಒಮ್ಮೆಯಾದರೂ ಫೋಟೊದಲ್ಲಿ ಸ್ಪಷ್ಟವಾಗಿ ಹಿಡಿಯಬೇಕೆಂಬುದು ಅಕ್ಕನ ಗಂಡನ ಹಟ. ಅದಕ್ಕಾಗಿಯೇ ಭಾವ ಮೀಂಜ ಎಂಬ ಊರಿನ ತಮ್ಮ ಮನೆಯ ಹಿತ್ತಿಲಲ್ಲಿ, ಗುಡ್ಡದ ಅಂಚಿಗೆ, ತಗಡಿನ ಮಾಡನ್ನು ಪಕ್ಕಕ್ಕೆ ಸರಿಸಬಹುದಾದ ಪುಟ್ಟ ಕೋಣೆ ಕಟ್ಟಿಸಿದ್ದರು. ನಡುವೆ ಕಾಂಕ್ರೀಟ್ ಕಂಬ, ಅದರ ಮೇಲೆ ಟೆಲಿಸ್ಕೋಪ್. ಅಡಿಯಲ್ಲಿ ಗಟ್ಟಿ ಮುರಕಲ್ಲು, ನಮ್ಮ ಕಡೆಯ ಕೆಂಪು ಕಲ್ಲು. ಅಲುಗುವ ಮಾತೇ ಇಲ್ಲ ಎಂದುಕೊಂಡಿದ್ದೆವು.

ಅಕ್ಟೋಬರ್ ಕೊನೆಗೆ, ತುಲಾ ತಿಂಗಳ ಮಳೆ ಬಿಟ್ಟ ಒಂದು ಸಂಜೆ ಫೋಟೊ ತೆಗೆಯಲು ಕೂತೆವು. ಟೆಲಿಸ್ಕೋಪ್ ಆಕಾಶದ ಜೊತೆಗೇ ತಿರುಗುವುದರಿಂದ ಶಟರ್ ಎಷ್ಟು ಹೊತ್ತು ತೆರೆದಿಟ್ಟರೂ ನಕ್ಷತ್ರಗಳು ಚುಕ್ಕಿಗಳಾಗಿಯೇ ಬರಬೇಕು. ಬಂದದ್ದು ಗೀರುಗಳು. ಎಲ್ಲವೂ ಒಂದೇ ದಿಕ್ಕಿಗೆ.

"ಸ್ಕ್ರೂ ಲೂಸ್ ಉಂಟಾ ಎಂತ ಭಾವ?"

"ಯಾರದ್ದು, ನಿನ್ನದ್ದಾ?"

ಬಿಗಿ ಮಾಡಿ ಮತ್ತೆ ತೆಗೆದರು. ಗೀರು ಇನ್ನೂ ಉದ್ದವಾಯಿತು. ಮಂದ ಕೆಂಪು ದೀಪದಲ್ಲಿ ಕಂಬದ ಮೇಲೆ ರಸಮಟ್ಟ ಇಟ್ಟರು. ಶುರು ಮಾಡುವ ಮೊದಲು ನೋಡಿದಾಗ ನಟ್ಟನಡುವೆ ನಿಂತಿದ್ದ ಅದರ ಗುಳ್ಳೆ ನಾವು ನೋಡುತ್ತಿದ್ದಂತೆಯೇ ಮೆಲ್ಲಗೆ ಅಂಚಿಗೆ ಸರಿಯಿತು.

ನೆಲದಡಿಯಲ್ಲಿ ಯಾರೋ ಬುಟ್ಟಿಯಿಂದ ಜಲ್ಲಿ ಸುರಿದ ಸದ್ದು. ಗೋಡೆ ಬುಡದ ಬಿರುಕಿನಿಂದ ತಣ್ಣನೆಯ ಗಾಳಿ ಬಂತು, ಬಾವಲಿಯ ವಾಸನೆಯೊಡನೆ. ಆ ವಾಸನೆ ನನಗೆ ಗೊತ್ತಿತ್ತು. ಹಿಂದಿನವರು ನೀರಿಗಾಗಿ ಗುಡ್ಡದೊಳಗೆ ಅಡ್ಡ ಕೊರೆದ ಸುರಂಗ. ಜಾಗ ಆರಿಸುವಾಗ ಮರಗಳ ಎತ್ತರ, ಬೀದಿ ದೀಪ ಎಲ್ಲ ನೋಡಿದ್ದೆವು. ಸುರಂಗ ಎಂದರೆ ನಮಗೆ ಗುಡ್ಡದ ಕೆಳಗಿನ ಅದರ ಬಾಯಿ ಮಾತ್ರ; ಅದು ಎಲ್ಲಿಯವರೆಗೆ ಹೋಗಿದೆ ಎಂದು ಯಾರೂ ಕೇಳಿರಲಿಲ್ಲ.

"ಹೊರಗೆ ಬನ್ನಿ ಭಾವ. ಅಡಿಯಲ್ಲಿ ಸುರಂಗ ಉಂಟು!"

"ಒಂದು ನಿಮಿಷ ಮಾರಾಯ, ಇದೊಂದು ಮುಗೀಲಿ."

ಅಂಗಿ ಹಿಡಿದು ಎಳೆದೆ. ಇಬ್ಬರೂ ಬಾಗಿಲಾಚೆ ಬಿದ್ದೆವು. ಅವರು ಬಯ್ಯಲು ಬಾಯಿ ತೆರೆದಿದ್ದರು, ಅಷ್ಟರಲ್ಲಿ ನೆಲ, ಕಂಬ, ಟೆಲಿಸ್ಕೋಪ್ ಸಮೇತ ಒಳಗಿನ ಕೆಂಪು ದೀಪ ಕೆಳಗಿಳಿಯಿತು. ಆರಲಿಲ್ಲ. ಯಾರೋ ದೀಪ ಹಿಡಿದು ಮೆಟ್ಟಿಲು ಇಳಿದ ಹಾಗೆ ಇಳಿಯಿತು. ದೊಡ್ಡ ಸದ್ದೂ ಇಲ್ಲ. ಸ್ವಲ್ಪ ಹೊತ್ತು ನೆಲದೊಳಗಿನಿಂದ ಬೆಳಕು ಬರುತ್ತಲೇ ಇತ್ತು.

ನಿದ್ದೆಗೆ ಮೊದಲು ನಾನು ಈಗಲೂ ನೋಡುವುದು ಅದನ್ನೇ. ಕೆಲವು ಸಲ ಅಂಗಿ ಕೈಗೆ ಸಿಗುವುದಿಲ್ಲ.

ಆ ಹೊತ್ತಿಗೇ ಊಟಕ್ಕೆ ಕರೆಯಲು ಅಕ್ಕ ಟಾರ್ಚ್ ಹಿಡಿದು ಬರುತ್ತಿದ್ದಳು. "ಅಲ್ಲೇ ನಿಲ್ಲು!" ಎಂದು ಕೂಗಿದೆ.

"ಯಾಕೆ? ಎಂತ ಆಯ್ತು?"

ಭಾವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು, ಅವಳ ಕಡೆಗೆ ಇಡುವ ಒಂದೊಂದು ಹೆಜ್ಜೆಗೂ ಮೊದಲು ನೆಲವನ್ನು ಕಾಲಿನಿಂದ ತಟ್ಟಿ ನೋಡುತ್ತಿದ್ದರು.