ಹನ್ನೊಂದನೆಯ ಸಾಲು

ಅಂದು ಆಟ ನಿಂತದ್ದು ನಿನ್ನ ಫೈಲಿನಿಂದಲ್ಲ, ಅಕ್ಷತಾ. ನನ್ನ ಕೋಡಿನಿಂದ. ಅದು ನನಗೆ ಅಂದೇ ಗೊತ್ತಾಗಿತ್ತು — ನಾಲ್ಕು ವರ್ಷಗಳಿಂದ ಗೊತ್ತಿದೆ.

ಟ್ಯಾಂಪಿನೀಸ್‌ನಲ್ಲಿ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದ ದಿನಗಳು. ಫ್ಲ್ಯಾಟ್ ಬ್ಲಾಕುಗಳ ಕೆಳಗಿನ ತೆರೆದ ಜಾಗಗಳಲ್ಲಿ, ವಾಯ್ಡ್ ಡೆಕ್‌ಗಳಲ್ಲಿ, ಅಲೆಯುವ ಬೆಕ್ಕಿನ ಪುಟ್ಟ ಮೊಬೈಲ್ ಆಟ ನಮ್ಮದು. ನಿನಗೆ ಕೋಡ್ ಬರುತ್ತಿರಲಿಲ್ಲ. ಹಾಗಾಗಿ ಪ್ರತಿ ದೃಶ್ಯವನ್ನೂ ಸಾದಾ ಟೆಕ್ಸ್ಟ್ ಫೈಲಿನಲ್ಲಿ ಇಟ್ಟೆವು. ಗೋಡೆಗೊಂದು ಚಿಹ್ನೆ, ಬೆಂಚಿಗೊಂದು, ಬೆಕ್ಕಿಗೊಂದು. ನೀನು ದೃಶ್ಯಕ್ಕೆ ಹತ್ತು ಸಾಲಿನಂತೆ ಜೋಡಿಸಿ ಕಳಿಸುತ್ತಿದ್ದೆ, ನನ್ನ ಕೋಡ್ ಅದನ್ನು ಓದಿ ಪರದೆಯ ಮೇಲೆ ದೃಶ್ಯ ಕಟ್ಟುತ್ತಿತ್ತು. "ರಂಗೋಲಿಗೆ ಚುಕ್ಕಿ ಇಟ್ಟಂಗೇ ಅಲ್ವೇನೇ ಇದು!" ಎಂದು ನಗುತ್ತಿದ್ದೆ ನೀನು.

ಒನ್-ನಾರ್ತ್‌ನ ಸಣ್ಣ ಗೇಮ್ ಕಂಪನಿಯೊಂದು ದೃಶ್ಯ ರಚಿಸುವವರನ್ನು ಹುಡುಕುತ್ತಿತ್ತು. ನಿನಗೆ ಆ ಕೆಲಸ ಬೇಕಿತ್ತು — ಎಷ್ಟು ಬೇಕಿತ್ತೆಂದು ನನಗೊಬ್ಬಳಿಗೇ ಗೊತ್ತಿತ್ತು. ಅವರಿಗೆ ನಮ್ಮ ಆಟ ತೋರಿಸುವ ಹಿಂದಿನ ದಿನ ನೀನು ಕೇಳಿದೆ: "ಹತ್ತು ಸಾಲು ಸಾಕಾಗ್ತಿಲ್ಲ ಕಣೇ. ನಮ್ಮ ಬ್ಲಾಕ್ ಕೆಳಗೆ ಬೆಕ್ಕುಗಳಿಗೆ ಊಟ ಹಾಕ್ತಾರಲ್ಲ, ಆ ಆಂಟಿ ಕೂರೋಕೆ ಇನ್ನೊಂದು ಬೇಕು. ಹಾಕ್ಲಾ?"

"ಹಾಕು. ಎಷ್ಟು ಸಾಲಾದ್ರೂ ಓದುತ್ತೆ."

ಓದುತ್ತಿರಲಿಲ್ಲ. ಹತ್ತೇ ಸಾಲಿಗೆಂದು ಬರೆದು, ಆಮೇಲೆ ಬದಲಿಸೋಣ ಎಂದು ಬಿಟ್ಟಿದ್ದೆ. ಮರೆತಿದ್ದೆ. ಒಮ್ಮೆ ಆಡಿಯೂ ನೋಡಲಿಲ್ಲ. ಆದರೆ ನಾನು ಒಪ್ಪಿಕೊಳ್ಳಬೇಕಾದದ್ದು ಮರೆವನ್ನಲ್ಲ —

ಅವರೆಲ್ಲರ ಮುಂದೆ, ನಿನ್ನ ಆ ದೃಶ್ಯ ಬರಬೇಕಾದಲ್ಲಿ, ಪರದೆ ಕಪ್ಪಾಯಿತು. ಆ ಕ್ಷಣವೇ ನನಗೆ ನನ್ನ ಹತ್ತು ನೆನಪಾಯಿತು. ನೀನು ಮೆಲ್ಲಗೆ ಕೇಳಿದೆ, "ನನ್ನ ಫೈಲೇನೇ?" ನಾನು ಅವರಿಗೂ ಕೇಳುವಂತೆ ಹೇಳಿದೆ: "ಹೌದು. ನಿನ್ನ ಫೈಲಲ್ಲೇ ಏನೋ ಎರರ್ ಇದೆ." ಅದನ್ನೇ ಅವರಿಗೆ ಇಂಗ್ಲಿಷಿನಲ್ಲೂ ಹೇಳಿದೆ.

ಹಿಂದಿರುಗುವಾಗ ಎಂಆರ್‌ಟಿ ರೈಲಿನಲ್ಲಿ ಕ್ಷಮೆ ಕೇಳಿದವಳು ನೀನು! "ಸಾರಿ ಕಣೇ, ನಿನ್ನ ಮರ್ಯಾದೆನೂ ತೆಗೆದೆ."

ಮನೆಗೆ ಬಂದು ಕೋಡಿನಲ್ಲಿದ್ದ ಆ ಹತ್ತರ ಮಿತಿಯನ್ನು ತೆಗೆದೆ. ದೃಶ್ಯ ಬಂತು — ಬೆಂಚು, ಆಂಟಿ, ಬೆಕ್ಕು. "ಏನ್ ತಪ್ಪಿತ್ತು?" ಎಂದೆ ನೀನು. "ಸಣ್ಣದು. ಸರಿ ಮಾಡ್ದೆ." ಯಾರದನ್ನು ಎಂದು ಹೇಳಲಿಲ್ಲ.

ಆ ಕಂಪನಿಯವರು ಇನ್ನೊಮ್ಮೆ ಬಾ ಎಂದರು. ನೀನು ಹೋಗಲಿಲ್ಲ. ಆಗಲಾದರೂ ಬಾಯಿ ಬಿಡಬಹುದಿತ್ತು...

ಕಳೆದ ತಿಂಗಳು ಸೆರಂಗೂನ್‌ನ ನಿನ್ನ ಮನೆಯಲ್ಲಿ, ಪಕ್ಕದ ಮನೆಯ ಮಗು ಆಡುತ್ತಿದ್ದ ಫೋನನ್ನು ನಿನ್ನತ್ತ ಚಾಚಿತು. "ಆಂಟಿ, ಯೂ ಟ್ರೈ ಲಾ!"

"ಅಯ್ಯೋ ಬೇಡ ಪುಟ್ಟಾ, ನಾನು ಮುಟ್ಟಿದ್ರೆ ಸ್ಕ್ರೀನೇ ಕಪ್ಪಾಗುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿನ್ನ ಫೈಲ್ ನನ್ನ ಬಳಿ ಹಾಗೆಯೇ ಇದೆ. ಹನ್ನೊಂದು ಸಾಲುಗಳಲ್ಲಿ ಒಂದು ಚಿಹ್ನೆಯನ್ನೂ ತಿದ್ದಿಲ್ಲ. ತಿದ್ದಬೇಕಾದದ್ದು ಏನೂ ಇರಲಿಲ್ಲ. ಈ ಶನಿವಾರ ಬರುತ್ತೇನೆ — ಫೋನಿನಲ್ಲಿ ಅಂದಿನ ಹಳೆಯ ಕೋಡನ್ನೇ ಹಾಕಿಕೊಂಡು. ನಿನ್ನೆದುರು ಪರದೆ ಇನ್ನೊಮ್ಮೆ ಕಪ್ಪಾಗಲಿ. ಆಮೇಲೆ ನನ್ನ ಕೋಡಿನಲ್ಲಿ ಆ ಹತ್ತು ಎಲ್ಲಿದೆಯೆಂದು ನಾನೇ ಬೆರಳಿಟ್ಟು ತೋರಿಸುತ್ತೇನೆ.