ಕೆಂಚಿ ಕರು ಹಾಕಿದ ತಾರೀಖು

ಕ್ಯಾಸಂಬಳ್ಳಿ ಕಡೆಯ ಒಂದು ಹಳ್ಳಿಯ ಹಾಲಿನ ಡೈರಿಗೆ ಸೊಣ್ಣಪ್ಪ ಹನ್ನೊಂದು ವರ್ಷದಿಂದ ಅಧ್ಯಕ್ಷ. ಹಾಲನ್ನು ಯಂತ್ರ ಅಳೆಯುತ್ತದೆ, ಮನುಷ್ಯರನ್ನು ತಾನು ಅಳೆಯುತ್ತೇನೆ ಎಂಬುದು ಅವನ ನಂಬಿಕೆ. ಒಂದು ಬೆಳಿಗ್ಗೆ ಡಾಕ್ಟರ್ ವನಿತಾ ಸ್ಕೂಟರಿನಿಂದ ಇಳಿದು, "ಹೋದ ವರ್ಷ ಯಾರ ಹಸು ಯಾವತ್ತು ಕರು ಹಾಕ್ತು, ಆ ರಿಜಿಸ್ಟರ್ ಸ್ವಲ್ಪ ನೋಡಬೇಕಿತ್ತು" ಎಂದಾಗಲೂ ಅವನು ಅಳೆದೇಬಿಟ್ಟ. ದನದ ಡಾಕ್ಟರು, ಇನ್ನೇನು. ಅವನ ಸೀಮೆಹಸು ಎರಡು ಸಲ ಇಂಜೆಕ್ಷನ್ ಹಾಕಿಸಿದರೂ ಗಬ್ಬ ನಿಂತಿರಲಿಲ್ಲ. ರಿಜಿಸ್ಟರ್ ತರುವ ಬದಲು ಹಸುವನ್ನೇ ಹಿಡಿದು ತಂದು, ಡೈರಿ ಮುಂದಿನ ಕಂಬಕ್ಕೆ ಕಟ್ಟಿ, ಬಾಲ ಎತ್ತಿ ಹಿಡಿದು ನಿಂತ.

"ಶುರು ಮಾಡಿ ಡಾಕ್ಟ್ರಮ್ಮ. ಒದೆಯಲ್ಲ, ಸಾಧು."

ವನಿತಾ ಹಸುವಿನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಯಾರೂ ಇಲ್ಲದೆ ಇರೋವಾಗ ಇದಕ್ಕೆ ಯಾರಾದ್ರೂ ಮಾತಾಡಿದ ಹಾಗೆ ಕೇಳಿಸುತ್ತಾ?"

"ಅಸುಗಾ?"

"ಕೇಳಿಸಲ್ಲ ಅಂದ್ರೆ ನನ್ನ ಕೇಸಲ್ಲ ಬಿಡಿ. ನಾನು ಮನಸ್ಸಿನ ಡಾಕ್ಟರು. ಮನುಷ್ಯರದು."

ಸೊಣ್ಣಪ್ಪ ಬಾಲ ಬಿಟ್ಟ. ಒಳಗೆ ಯಂತ್ರದಲ್ಲಿ ಹಾಲಿನ ಫ್ಯಾಟ್ ಅಳೆಯುತ್ತಿದ್ದ ಡೈರಿಯ ಹುಡುಗ ಮುನಿರಾಜ ನಗುತ್ತ, ಕೇಳದೆಯೇ ರಿಜಿಸ್ಟರ್ ತಂದುಕೊಟ್ಟ. ಡಾಕ್ಟರು ಬಂದದ್ದು ಅವನ ಸಲುವಾಗಿಯೇ ಎಂದು ಅವನಿಗೆ ಗೊತ್ತಿತ್ತು. ಹೋದ ವರ್ಷ ಅವನ ಕಾಯಿಲೆಗೆ ಇವರನ್ನು ಹುಡುಕಿದವಳು ಅವನ ತಾಯಿ ಮುನಿಗಂಗಮ್ಮ.

ವನಿತಾ ಹುಟ್ಟಿದ್ದು ಕೆಜಿಎಫ್‌ನಲ್ಲಿ, ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯೊಂದರಲ್ಲಿ. ಅಪ್ಪ ಸೆಲ್ವರಾಜ್ ಗಣಿಗೆ ಇಳಿಯುತ್ತಿದ್ದವರು. ಅಪ್ಪನ ತಂಗಿ ಸೆಲ್ವಿಗೆ ಹತ್ತೊಂಬತ್ತು ತುಂಬಿದ ವರ್ಷ, ಗೋಡೆಯಾಚೆ ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುವುದು ಕೇಳಿಸತೊಡಗಿತು. ಲೈನ್ ಮನೆಗಳ ಗೋಡೆ ಹೇಗೆಂದರೆ, ಪಕ್ಕದವರು ನಿಮ್ಮ ಬಗ್ಗೆ ಮಾತಾಡುವುದು ಎಲ್ಲರಿಗೂ ಕೇಳಿಸುತ್ತದೆ. ಹಾಗಾಗಿ ಒಂದು ವರ್ಷ ಯಾರಿಗೂ ಅನುಮಾನವೇ ಬರಲಿಲ್ಲ. ಆಮೇಲೆ ತಾಯಿತ, ಯಂತ್ರ, ಹರಕೆ. ಮೊದಲ ಮಾತ್ರೆ ಬಾಯಿಗೆ ಬೀಳುವ ಹೊತ್ತಿಗೆ ಆರು ವರ್ಷ ಕಳೆದಿತ್ತು. ದನಿಗಳು ನಿಂತವು, ಹೋದ ಆರು ವರ್ಷ ಮಾತ್ರ ಹೋದದ್ದೇ.

ಅತ್ತೆಯ ಆ ಆರು ವರ್ಷವೇ ವನಿತಾರ ಓದಾಯಿತು, ಆಮೇಲೆ ಸಂಶೋಧನೆಯಾಯಿತು. ಇಲ್ಲದ ದನಿ ಕೇಳಿಸುವ, ಇಲ್ಲದ ಶತ್ರು ಕಾಣಿಸುವ ಈ ಕಾಯಿಲೆಗೆ ಅವರ ಪುಸ್ತಕಗಳಲ್ಲಿ ಸೈಕೋಸಿಸ್ ಎಂದು ಹೆಸರು. ಅದು ಶುರುವಾದ ದಿನದಿಂದ ಮೊದಲ ಮಾತ್ರೆಯ ದಿನದವರೆಗೆ ಎಷ್ಟು ದಿನ ಪೋಲಾಯಿತು, ಪೋಲಾದದ್ದು ಕಡಿಮೆಯಾದಷ್ಟೂ ಮನುಷ್ಯ ಎಷ್ಟು ಬೇಗ ಕೆಲಸಕ್ಕೆ ಮರಳುತ್ತಾನೆ ಎಂದು ಅವರು ಒಂಬತ್ತು ವರ್ಷದಿಂದ ಬರೆದಿಡುತ್ತಿದ್ದಾರೆ. ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಪುಟ್ಟ ಕ್ಲಿನಿಕ್, ವಾರಕ್ಕೆ ಎರಡು ದಿನ ಬಂಗಾರಪೇಟೆ, ಮಿಕ್ಕ ದಿನ ಸ್ಕೂಟರು. ತೊಡಕು ಒಂದೇ: ಯಾವಾಗ ಶುರುವಾಯಿತು ಎಂದರೆ ಯಾರೂ ತಾರೀಖು ಹೇಳುವುದಿಲ್ಲ. ಮುನಿಗಂಗಮ್ಮ ಹೇಳಿದ್ದು ಇಷ್ಟು:

"ನಮ್ಮ ಕೆಂಚಿ ಕರು ಆಕಿದ ಮೂರನೇ ದಿನ ತಾಯಿ. ಗಿಣ್ಣು ಕೊಡಕ್ಕೋದ್ರೆ, ಇದ್ರಾಗೆ ಇಸ ಆಕಿದ್ದೀಯ ಅಂದ."

ಕೆಂಚಿ ಕರು ಹಾಕಿದ ತಾರೀಖು ಡೈರಿ ರಿಜಿಸ್ಟರಿನಲ್ಲಿತ್ತು. ವನಿತಾ ಲೆಕ್ಕ ಹಾಕಿದರು. ಆ ಮೂರನೇ ದಿನದಿಂದ ಮೊದಲ ಮಾತ್ರೆಗೆ ಇಪ್ಪತ್ತಾರು ದಿನ. ಅವರು ಬರೆದಿಟ್ಟ ಎಂಬತ್ತನಾಲ್ಕು ರೋಗಿಗಳಲ್ಲಿ ಅಷ್ಟು ಬೇಗ ಮಾತ್ರೆ ಸಿಕ್ಕಿದವನು ಇನ್ನೊಬ್ಬನಿಲ್ಲ. ಅದಕ್ಕೇ ಮುನಿರಾಜ ನಾಲ್ಕೇ ತಿಂಗಳಿಗೆ ಫ್ಯಾಟ್ ಯಂತ್ರದ ಮುಂದೆ ವಾಪಸ್ ಕೂತಿದ್ದ.

ಆ ದಿನದಿಂದ ಸೊಣ್ಣಪ್ಪನ ನಡಿಗೆ ಬದಲಾಯಿತು. ಟೀ ಅಂಗಡಿಯಲ್ಲಿ "ನಮ್ಮ ಸಂಶೋಧನೆ" ಎನ್ನತೊಡಗಿದ. ರಿಜಿಸ್ಟರ್ ತನ್ನದು, ಸಹಿ ತನ್ನದು, ಅಂದಮೇಲೆ ವೈದ್ಯವೂ ಅರ್ಧ ತನ್ನದೇ. ಒಂದು ದಿನ ಮುನಿರಾಜ ನೀರು ಕುಡಿದು ಮಾತ್ರೆ ನುಂಗುವುದನ್ನು ನೋಡಿ ಕರೆದ.

"ಮೊಕ ಕಳೆಕಳೆಯಾಗದೆ, ಒಂದು ಲೆಕ್ಕ ತಪ್ಪಿಲ್ಲ. ಇನ್ಯಾಕ್ಲಾ ಅದು? ನಾನೇಳ್ತೀನಿ, ಬಿಟ್ಟಾಕು."

ಮುನಿರಾಜ ಬಿಟ್ಟ. ತಿಂಗಳು ಕಳೆದ ಮೇಲೆ ಒಂದೊಂದು ಕ್ಯಾನಿಗೂ ಮೂಗು ಇಟ್ಟು ಮೂಸಿ, "ಇದ್ರಾಗೆ ಏನೋ ಬೆರೆಸವ್ರೆ" ಎನ್ನತೊಡಗಿದ. ಹಾಲಿನ ಡೈರಿಯಲ್ಲಿ ಈ ಮಾತು ಕಾಯಿಲೆ ಎಂದು ಯಾರಿಗೆ ಹೊಳೆಯುತ್ತದೆ? ಹುಡುಗ ಸ್ಟ್ರಿಕ್ಟ್ ಆದ ಎಂದು ಸೊಣ್ಣಪ್ಪ ಬೆನ್ನು ತಟ್ಟಿದ. ನಾಲ್ಕನೇ ದಿನ ಮುನಿರಾಜ ಅಧ್ಯಕ್ಷರ ಮನೆಯ ಹಾಲನ್ನೇ ಚರಂಡಿಗೆ ಸುರಿದು, ಅದರಲ್ಲಿ ವಿಷ ಇದೆ ಎಂದು ಹೇಳಿ, ಮನೆಗೆ ಹೋಗಿ ಅಗಳಿ ಹಾಕಿಕೊಂಡ.

ಮುನಿಗಂಗಮ್ಮನ ಫೋನು ಹೋದ ಮುಕ್ಕಾಲು ಗಂಟೆಗೆ ಸ್ಕೂಟರು ಅವಳ ಮನೆಗೆ ಬಂತು, ಅಲ್ಲಿಂದ ಡೈರಿಗೆ.

"ಮಾತ್ರೆ ಬಿಡು ಅಂತ ಯಾರು ಹೇಳಿದ್ದು?" ಎಂದರು ವನಿತಾ.

ಸೊಣ್ಣಪ್ಪ ಫ್ಯಾಟ್ ಯಂತ್ರವನ್ನು ಬಹಳ ಶ್ರದ್ಧೆಯಿಂದ ನೋಡಿದ. "ಚೆನ್ನಾಗವ್ನಲ್ಲ ಅಂತ..."

"ಮಾತ್ರೆ ತಗೊಂಡಿದ್ದಕ್ಕೇ ಚೆನ್ನಾಗಿದ್ದಿದ್ದು. ಈ ಸಲ ಪೂರ್ತಿ ಕೆಟ್ಟರೆ ಹೋದ ಸಲದಷ್ಟು ಸಲೀಸಾಗಿ ವಾಪಸ್ ಬರಲ್ಲ. ಒಂದೊಂದು ದಿನವೂ ಲೆಕ್ಕ. ನನ್ನ ಮಾತಿಗೆ ಅವನು ಬಾಗಿಲು ತೆಗೀತಿಲ್ಲ. ಬಿಡು ಅಂದವರು ನೀವು, ತಪ್ಪು ಹೇಳಿದೆ ಅಂತ ನೀವೇ ಬಂದು ಹೇಳಿ."

"ಎಲ್ಲರ ಮುಂದೇನಾ?"

"ಅಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಜನದ ಮುಂದೆ."

ಮುನಿಗಂಗಮ್ಮನ ಮನೆ ಮುಂದೆ ಅರ್ಧ ಊರಿತ್ತು. ಹನ್ನೊಂದು ವರ್ಷದ ಅಧ್ಯಕ್ಷಗಿರಿಯಲ್ಲಿ ಸೊಣ್ಣಪ್ಪ ಎಂದೂ ಬಳಸದ ಪದವೊಂದು ಗಂಟಲಲ್ಲಿ ಮೂರು ಸಲ ಹತ್ತಿ ಇಳಿಯಿತು.

"ಮುನಿರಾಜ, ನಾನು ಏಳಿದ್ದು ತಪ್ಪು ಕಣ್ಲಾ. ಮಾತ್ರೆ ತಗೋ."

ಒಳಗಿನಿಂದ ದನಿ ಬಂತು. "ಅಮ್ಮೋ, ಇನ್ನೊಂದು ಸುಳ್ಳು ದನಿ ಬತ್ತಾ ಅದೆ. ಸೊಣ್ಣಪ್ಪಣ್ಣ ತಪ್ಪು ಅಂತ ಏಳ್ತಾ ಅವ್ನೆ."

"ದಿಟ ಕಣ್ಲಾ," ಎಂದಳು ಮುನಿಗಂಗಮ್ಮ. "ನಂಗೂ ಕೇಳಿಸ್ತು."

"ನಮಗೂ ಕೇಳಿಸ್ತು," ಎಂದಿತು ಅರ್ಧ ಊರು, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಖುಷಿಯಿಂದ.

ಇಷ್ಟು ದೊಡ್ಡ ವಿಚಿತ್ರವನ್ನು ಕಣ್ಣಾರೆ ನೋಡಲೆಂದೇ ಇರಬೇಕು, ಅಗಳಿ ಸರಿಯಿತು. ವನಿತಾ ಒಳಗೆ ಹೋಗಿ ಅವನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಆತುರ ಮಾಡಲಿಲ್ಲ. ಎರಡು ಗಂಟೆಯ ಮೇಲೆ, ತಾಯಿಯ ಕೈಯಿಂದ ಅವನು ಮಾತ್ರೆ ತೆಗೆದುಕೊಂಡ.

ಆರು ವಾರಕ್ಕೆ ಮುನಿರಾಜ ಫ್ಯಾಟ್ ಯಂತ್ರದ ಮುಂದೆ ಕೂತಿದ್ದ. ಮೊದಲ ದಿನವೇ ಅಧ್ಯಕ್ಷರ ಮನೆಯ ಹಾಲಿನಲ್ಲಿ ನೀರು ಹಿಡಿದ. ಈ ಸಲ ಅದು ಕಾಯಿಲೆಯಲ್ಲ, ನೀರೇ. ಅವನನ್ನು ಮಾತಾಡಿಸಲು ಬಂದ ವನಿತಾ ಬೆಂಚಿನ ಮೇಲೆ ಕೂತು ತಮ್ಮ ಫೈಲಿನಲ್ಲಿ ಬರೆಯುತ್ತಿದ್ದರು. ಇಸ್ತ್ರಿ ಶರ್ಟು ಹಾಕಿ, ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋದ ಕವರು ಹಿಡಿದು ಸೊಣ್ಣಪ್ಪ ಪಕ್ಕದಲ್ಲಿ ಬಂದು ನಿಂತ.

"ಡಾಕ್ಟ್ರಮ್ಮ, ನಮ್ಮ ಸಂಶೋಧನೆ ಅಚ್ಚಾಗೋವಾಗ ನನ್ನ ಫೋಟೋ ಮುಂದಿನ ಪುಟಕ್ಕಾ, ಒಳಗಿನ ಪುಟಕ್ಕಾ?"

ವನಿತಾ ತಲೆ ಎತ್ತಲಿಲ್ಲ.

"ಫೋಟೋ ಇಲ್ಲ, ಹೆಸರೂ ಇಲ್ಲ. ಒಂದು ಸಾಲು ಇದೆ. ಮಾತ್ರೆ ನಿಲ್ಲಿಸಲು ಕಾರಣ: ಡೈರಿ ಅಧ್ಯಕ್ಷರು."